ರೂಟಿಗೆ ಅಪ್ಪ ಯಾರು?

ಹೋದ ತಿಂಗಳು ಒಂದು ಶನಿವಾರ ಬೆಳಿಗ್ಗೆ ಚಿಕ್ಕಪ್ಪ ಫೋನ್ ಮಾಡಿದರು. ಇಲ್ಲೇ ತುಮಕೂರಲ್ಲಿ, ಬಿ.ಎಚ್. ರಸ್ತೆಯಿಂದ ಸ್ವಲ್ಪ ಒಳಗೆ ಅವರದೊಂದು ಜೆರಾಕ್ಸ್ ಅಂಗಡಿ ಇದೆ. ಜೆರಾಕ್ಸ್ ಅನ್ನೋದು ಹೆಸರಿಗೆ ಮಾತ್ರ. ಪಹಣಿ ಪ್ರಿಂಟು, ಅರ್ಜಿ ತುಂಬೋದು, ಪಾಸ್‌ಪೋರ್ಟ್ ಸೈಜ್ ಫೋಟೊ, ಲ್ಯಾಮಿನೇಶನ್ನು ಎಲ್ಲಾ ಅಲ್ಲೇ ಆಗುತ್ತದೆ.

"ಏನೋ ಪ್ಯಾನಿಕ್ ಅಂತ ಬರ್ಕೊಂಡು ನಿಂತ್ಬಿಟ್ಟಿದೆ ಕಣಮ್ಮ. ಪ್ಯಾನಿಕ್ ಆಗಬೇಕಾಗಿರೋನು ನಾನಾ, ಅದಾ?" ಅಂದರು. ಹಿಂದೆ ಯಾರೋ "ಸಾರ್ ನಂದೊಂದು ಪಹಣಿ" ಅಂತ ಕೂಗೋದು ಕೇಳಿಸುತ್ತಿತ್ತು.

ಆ ಕಂಪ್ಯೂಟರಿಗೆ ಮೂರು ವರ್ಷದ ಹಿಂದೆ ಲಿನಕ್ಸ್ ಹಾಕಿಕೊಟ್ಟವಳು ನಾನೇ. ಹಾಗಾಗಿ ತಪ್ಪಿಸಿಕೊಳ್ಳೋ ಹಾಗಿರಲಿಲ್ಲ. ಕ್ಯಾತ್ಸಂದ್ರದಿಂದ ಗಾಡಿ ತೆಗೆದುಕೊಂಡು ಹೊರಟೆ. ಶನಿವಾರ ಬೆಳಿಗ್ಗೆ ತಟ್ಟೆ ಇಡ್ಲಿ ಹೋಟೆಲ್ ಮುಂದೆ ಗಾಡಿ ನಿಲ್ಲಿಸದೆ ಹೋದೆ ಅನ್ನೋದನ್ನ ಚಿಕ್ಕಪ್ಪ ಇನ್ನೂ ಲೆಕ್ಕಕ್ಕೆ ಹಿಡಿದಿಲ್ಲ.

ಸ್ಕ್ರೀನ್ ಮೇಲೆ ಕೊನೆಯ ಸಾಲು ಹೀಗಿತ್ತು: "ಕರ್ನಲ್ ಪ್ಯಾನಿಕ್ - ನಾಟ್ ಸಿಂಕಿಂಗ್: ವಿಎಫ್‌ಎಸ್: ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್ ಆನ್ ಅನ್‌ನೋನ್-ಬ್ಲಾಕ್(0,0)." ಕರ್ನಲ್ ಅಂದರೆ ಲಿನಕ್ಸಿನ ತಿರುಳು, ಉಳಿದ ಪ್ರೋಗ್ರಾಮುಗಳನ್ನೆಲ್ಲಾ ಓಡಿಸೋದು ಅದೇ. ಎಲ್ಲಾ ಫೈಲುಗಳಿಗೂ ಬುಡವಾದ ರೂಟ್ ಫೈಲ್ ಸಿಸ್ಟಮ್ಮನ್ನ ಮೌಂಟ್ ಮಾಡೋಕೆ, ಅಂದರೆ ಬಳಸೋ ಹಾಗೆ ಜೋಡಿಸಿಕೊಳ್ಳೋಕೆ, ಅದಕ್ಕೆ ಆಗಲಿಲ್ಲ, ಡಿಸ್ಕ್ ಯಾವುದು ಅಂತಾನೇ ಗೊತ್ತಿಲ್ಲ ಅಂತ.

ರಿಪೇರಿ ಕಷ್ಟದ್ದೇನಲ್ಲ, ಹದಿನೈದು ನಿಮಿಷ. ಕಂಪ್ಯೂಟರ್ ಆನ್ ಆದಾಗ ಕರ್ನಲನ್ನ ಎತ್ತಿಕೊಡೋ ಗ್ರಬ್ ಅನ್ನೋ ಪ್ರೋಗ್ರಾಮಿನ ಮೆನುವಿನಲ್ಲಿ ಹಳೇ ಕರ್ನಲ್ ಆರಿಸಿದೆ, ಬೂಟ್ ಆಯಿತು. ನೋಡಿದರೆ ಡಿಸ್ಕಿನಲ್ಲಿ ಕರ್ನಲ್‌ಗಳನ್ನ ಇಡೋ ಬೂಟ್ ವಿಭಾಗ ತುಂಬಿಹೋಗಿದೆ. ಅಪ್‌ಡೇಟ್ ಬಂದಾಗ ಹೊಸ ಕರ್ನಲ್ ಹೇಗೋ ತೂರಿಕೊಂಡಿದೆ, ಅದರ ಜೊತೆ ಬರಬೇಕಾದ ಇನಿಟ್‌ರಾಮ್‌ಎಫ್‌ಎಸ್ ಫೈಲಿಗೆ (ಶುರುವಿನಲ್ಲಿ ಡಿಸ್ಕ್ ಹುಡುಕೋಕೆ ಬೇಕಾದ ಪ್ರೋಗ್ರಾಮುಗಳ ಗಂಟು ಅದು) ಜಾಗ ಸಿಕ್ಕಿಲ್ಲ. ಬೇಡದ ಹಳೇ ಕರ್ನಲ್‌ಗಳನ್ನ ತೆಗೆದೆ, ಇನಿಟ್‌ರಾಮ್‌ಎಫ್‌ಎಸ್ ಮತ್ತೆ ಕಟ್ಟಿಸಿದೆ, ಗ್ರಬ್ ಅಪ್‌ಡೇಟ್ ಮಾಡಿದೆ, ಮುಗೀತು.

ಮುಗಿಯದೇ ಇದ್ದದ್ದು ಆಮೇಲಿನ ಮಾತು.

"ಏನಾಗಿತ್ತು?"

"ಡಿಸ್ಕ್ ಓದೋಕೆ ಬೇಕಾದ ಸಾಮಾನು ಸಿಗಲಿಲ್ಲ ಚಿಕ್ಕಪ್ಪ."

"ಅದು ಎಲ್ಲಿರುತ್ತೆ?"

"ಡಿಸ್ಕಲ್ಲೇ."

ಚಿಕ್ಕಪ್ಪ ಕನ್ನಡಕ ಹಣೆಗೇರಿಸಿ ನನ್ನನ್ನೇ ನೋಡಿದರು. "ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ ಅಂದಂಗಾಯ್ತಲ್ಲಮ್ಮ" ಅಂದರು.

ನನಗೆ ನಗು ಬಂತು, ಆದರೆ ಸರಿಯಾದ ಉತ್ತರ ಬಾಯಿಗೆ ಬರಲಿಲ್ಲ. ಯಾಕಂದರೆ ಒಂದು ವರ್ಷದಿಂದ ಸುಮ್ನೆ ಖುಷಿಗೆ ಒಂದು ಪುಟ್ಟ ಕರ್ನಲ್ ಬರೆಯುತ್ತಿದ್ದೇನೆ, ಆಗ ಸರಿಯಾಗಿ ಇದೇ ಜಾಗದಲ್ಲಿ ಸಿಕ್ಕಿಹಾಕಿಕೊಂಡಿದ್ದೆ. ವಾರಕ್ಕೆ ಮೂರು ದಿನ ಬೆಂಗಳೂರಿಗೆ ಆಫೀಸು. ಕ್ಯಾತ್ಸಂದ್ರದಲ್ಲಿ ರೈಲು ಹತ್ತಿದರೆ ಸೀಟು ಸಿಗಲ್ಲ ಅಂತ ವಾಪಸ್ಸು ತುಮಕೂರಿಗೇ ಬಂದು ಹತ್ತುತ್ತೇನೆ, ಹಿರೇಹಳ್ಳಿ ಹೊತ್ತಿಗೆ ಲ್ಯಾಪ್‌ಟಾಪ್ ತೆಗೆದರೆ ಯಶವಂತಪುರದವರೆಗೂ ಅದೇ ಕೆಲಸ. ಎದುರು ಕೂತವರು ಇಸ್ಪೀಟು ಆಡುತ್ತಿರುತ್ತಾರೆ, ನಾನು ಕ್ಯೂಎಮು ಅನ್ನೋ ನಕಲಿ ಕಂಪ್ಯೂಟರಲ್ಲಿ ನನ್ನ ಕರ್ನಲ್ ಓಡಿಸಿ ಕ್ರ್ಯಾಶ್ ನೋಡುತ್ತಿರುತ್ತೇನೆ. ಇಬ್ಬರಿಗೂ ಗೆಲ್ಲೋದು ಅಪರೂಪ.

ಮೊದಲು ಆ ಪ್ಯಾನಿಕ್ ಸಾಲಲ್ಲಿದ್ದ ವಿಎಫ್‌ಎಸ್ ಅಂದರೇನು ಅನ್ನೋದನ್ನ ಬೇಗ ಹೇಳಿ ಮುಗಿಸುತ್ತೇನೆ. ಫೈಲುಗಳನ್ನ ಜೋಡಿಸಿಡೋ ಕ್ರಮಕ್ಕೆ ಫೈಲ್ ಸಿಸ್ಟಮ್ ಅಂತಾರೆ. ಡಿಸ್ಕಲ್ಲಿ ಇಎಕ್ಸ್‌ಟಿ4 ಇರುತ್ತದೆ, ಪೆನ್‌ಡ್ರೈವಲ್ಲಿ ಫ್ಯಾಟ್ ಇರುತ್ತದೆ, ಕರ್ನಲ್ ತನ್ನ ಲೆಕ್ಕ ತೋರಿಸೋ ಪ್ರಾಕ್ ಡೈರೆಕ್ಟರಿಯ ಹಿಂದೆ ಡಿಸ್ಕೇ ಇರಲ್ಲ. ಆದರೂ ಪ್ರೋಗ್ರಾಮಿಗೆ ಓಪನ್, ರೀಡ್, ರೈಟ್ ಇಷ್ಟು ಗೊತ್ತಿದ್ದರೆ ಸಾಕು. ಮಧ್ಯದಲ್ಲಿ ಕೂತು ಈ ಕೆಲಸವನ್ನ ಅವರವರಿಗೆ ಹಂಚೋ ಪದರ ವಿಎಫ್‌ಎಸ್. ಸನ್ ಮೈಕ್ರೋಸಿಸ್ಟಮ್ಸ್‌ನವರು 1985ರಲ್ಲಿ ಸನ್‌ಓಎಸ್ 2.0ಗೆ ವಿನೋಡ್ ಅಂತ ಇಂಥದ್ದೊಂದನ್ನ ತಂದರು. ನೆಟ್‌ವರ್ಕ್ ಆಚೆಗಿರೋ ಎನ್‌ಎಫ್‌ಎಸ್ ಫೈಲೂ, ಇಲ್ಲೇ ಇರೋ ಡಿಸ್ಕಿನ ಫೈಲೂ ಪ್ರೋಗ್ರಾಮಿಗೆ ಒಂದೇ ಥರ ಕಾಣಬೇಕಿತ್ತು. ಲಿನಕ್ಸಲ್ಲಿ ಶುರುವಿಗೆ ಇದು ಇರಲಿಲ್ಲ. ಇದ್ದದ್ದು ಮಿನಿಕ್ಸ್ ಫೈಲ್ ಸಿಸ್ಟಮ್ ಒಂದೇ. ಅದರಲ್ಲಿ 64 ಎಂಬಿ ದಾಟೋ ಹಾಗಿಲ್ಲ, ಫೈಲ್ ಹೆಸರು 14 ಅಕ್ಷರ ದಾಟೋ ಹಾಗಿಲ್ಲ. ಕ್ರಿಸ್ ಪ್ರೊವೆಂಜಾನೊ ಮೊದಲು ಬರೆದ ವಿಎಫ್‌ಎಸ್ ಪದರವನ್ನ ಲಿನಸ್ ಟೊರ್ವಾಲ್ಡ್ಸ್ ಮತ್ತೆ ಬರೆದು ಸೇರಿಸಿದ ಮೇಲೇ 1992ರ ಏಪ್ರಿಲ್‌ನಲ್ಲಿ ಇಎಕ್ಸ್‌ಟಿ ಅನ್ನೋ ಹೊಸ ಫೈಲ್ ಸಿಸ್ಟಮ್ ಬರೋಕೆ ಸಾಧ್ಯವಾಯಿತು. 2 ಜಿಬಿ, 255 ಅಕ್ಷರ. ಆಗಿನ ಕಾಲಕ್ಕೆ ಬಯಲು ಸಿಕ್ಕ ಹಾಗೆ.

ಈ ಪದರದೊಳಗೆ ಮುಖ್ಯವಾಗಿ ನಾಲ್ಕು ಥರದ ವಸ್ತು ಇವೆ: ಸೂಪರ್‌ಬ್ಲಾಕ್, ಐನೋಡ್, ಡೆಂಟ್ರಿ, ಫೈಲ್. ಸೂಪರ್‌ಬ್ಲಾಕ್ ಅಂದರೆ ಮೌಂಟ್ ಆಗಿರೋ ಇಡೀ ಫೈಲ್ ಸಿಸ್ಟಮ್ಮಿನ ಲೆಕ್ಕ. ಫೈಲ್ ಅಂದರೆ ಯಾರೋ ತೆರೆದುಕೊಂಡು ಓದುತ್ತಿರೋ ಒಂದು ಸಲದ ಲೆಕ್ಕ. ಎಲ್ಲರೂ ತಡವರಿಸೋದು ಐನೋಡ್ ಮತ್ತೆ ಡೆಂಟ್ರಿ ನಡುವೆ. ಅದಕ್ಕೆ ನಮ್ಮೂರೇ ಸಾಕು. 2014ರ ನವೆಂಬರ್ 1ಕ್ಕೆ ಸರ್ಕಾರ ಹನ್ನೆರಡು ಊರುಗಳ ಇಂಗ್ಲಿಷ್ ಹೆಸರು ಬದಲಾಯಿಸಿದಾಗ 'ಟುಮ್ಕೂರ್' ಹೋಗಿ 'ತುಮಕೂರು' ಬಂತು. ಹೋಯಿತು ಅಂತ ಹೇಳೋದಷ್ಟೇ, ಹಳೇ ಬೋರ್ಡುಗಳಲ್ಲಿ, ಜನರ ಬಾಯಲ್ಲಿ ಎರಡೂ ಇವೆ. ಯಾವ ಹೆಸರಿಗೆ ಪತ್ರ ಹಾಕಿದರೂ ಬರೋದು ಇದೇ ಊರಿಗೆ. ಹೆಸರು ಡೆಂಟ್ರಿ, ಊರು ಐನೋಡ್. ಎರಡು ಡೆಂಟ್ರಿ ಒಂದೇ ಐನೋಡನ್ನ ತೋರಿಸಿದರೆ ಅದೇ ಹಾರ್ಡ್ ಲಿಂಕ್.

ಡೆಂಟ್ರಿಯಲ್ಲಿ ಇನ್ನೊಂದು ಚಂದದ ವಿಷಯ ಇದೆ. ಇಲ್ಲದ ಫೈಲಿಗೂ ಡೆಂಟ್ರಿ ಇರಬಹುದು. ಚಿಕ್ಕಪ್ಪನ ಅಂಗಡಿ ಬಾಗಿಲಲ್ಲಿ "ಇಲ್ಲಿ ಆಧಾರ್ ತಿದ್ದುಪಡಿ ಇಲ್ಲ" ಅಂತ ಚೀಟಿ ಅಂಟಿಸಿದ್ದಾರೆ. ದಿನಕ್ಕೆ ನಲವತ್ತು ಜನಕ್ಕೆ ಇಲ್ಲ ಅನ್ನೋ ಬದಲು ಒಂದು ಚೀಟಿ. ಕರ್ನಲ್ ಕೂಡ ಒಂದು ಸಲ ಡಿಸ್ಕಲ್ಲಿ ಹುಡುಕಿ ಸಿಗದಿದ್ದರೆ "ಈ ಹೆಸರು ಇಲ್ಲ" ಅಂತ ಒಂದು ಡೆಂಟ್ರಿ ಇಟ್ಟುಕೊಳ್ಳುತ್ತದೆ. ನೆಗೆಟಿವ್ ಡೆಂಟ್ರಿ ಅಂತ ಅದರ ಹೆಸರು.

ಈಗ ಶುರುವಾಗೋದು ಹೇಗೆ ಅನ್ನೋದಕ್ಕೆ ಬರೋಣ.

ಲಿನಕ್ಸಲ್ಲಿ ಸ್ಟಾರ್ಟ್_ಕರ್ನಲ್ ಅನ್ನೋ ಫಂಕ್ಷನ್ನಿಂದ ಎಲ್ಲಾ ಶುರು. ಅದರೊಳಗೆ ವಿಎಫ್‌ಎಸ್‌ಗೆ ಸೇರಿದ ಕರೆ ಎರಡು ಕಡೆ ಬರುತ್ತದೆ. ಮೊದಲು ವಿಎಫ್‌ಎಸ್_ಕ್ಯಾಶಸ್_ಇನಿಟ್_ಅರ್ಲಿ, ಬಹಳ ಕೆಳಗೆ ಹೋದ ಮೇಲೆ ವಿಎಫ್‌ಎಸ್_ಕ್ಯಾಶಸ್_ಇನಿಟ್. ಮೊದಲ ಸಲ ಓದಿದಾಗ ನನಗೆ ಇದು ಅನಾವಶ್ಯಕ ಅನಿಸಿತ್ತು. ಒಂದೇ ಕಡೆ ಮಾಡಿದರೆ ಆಗಲ್ವಾ? ದೊಡ್ಡವರು ಯಾವುದೋ ಹಳೇ ಕಾರಣಕ್ಕೆ ಹೀಗೆ ಬಿಟ್ಟಿರಬೇಕು ಅಂತ ಅಂದುಕೊಂಡು ನನ್ನ ಕರ್ನಲ್ಲಲ್ಲಿ ಒಂದೇ ವಿಎಫ್‌ಎಸ್_ಇನಿಟ್ ಬರೆದೆ. ಬರೆದವಳು ಸುಮ್ಮನಿರದೆ ಅದನ್ನ ಹೀಪ್, ಅಂದರೆ ಕೇಳಿದಾಗ ಮೆಮೊರಿ ಕೊಡೋ ವ್ಯವಸ್ಥೆ, ಇನಿಶಿಯಲೈಸ್ ಆಗೋಕೆ ಮುಂಚೆ ಕರೆದೆ.

ಬೇಜಾರಿನ ವಿಷಯ ಏನಂದರೆ ಅದು ಓಡಿತು. ಎರಡು ವಾರ ಚೆನ್ನಾಗೇ ಓಡಿತು.

ಆಗಿದ್ದು ಇಷ್ಟು. ಡೆಂಟ್ರಿ ಹುಡುಕೋಕೆ 256 ಬಕೆಟ್ಟಿನ ಒಂದು ಹ್ಯಾಶ್ ಟೇಬಲ್ (ಬೇಗ ಸಿಗಲಿ ಅಂತ ಖಾನೆ ಖಾನೆಯಾಗಿ ಹಂಚಿಟ್ಟ ಪಟ್ಟಿ, ಬಕೆಟ್ ಅಂದರೆ ಒಂದು ಖಾನೆ), ಒಟ್ಟು 2048 ಬೈಟು. ಹೀಪ್ ಇನ್ನೂ ಎದ್ದಿಲ್ಲ, ಮೆಮೊರಿ ಕೇಳಿದರೆ ಅದು ಸೊನ್ನೆ ಕೊಟ್ಟಿದೆ. ನಾನು ಸೊನ್ನೆ ಬಂತಾ ಅಂತ ನೋಡಿಲ್ಲ. ಸೊನ್ನೆ ವಿಳಾಸಕ್ಕೆ ಬರೆದರೆ ಕ್ರ್ಯಾಶ್ ಆಗಬೇಕು ತಾನೇ? ಆಗಲಿಲ್ಲ. ಬೂಟ್ ಆಗೋ ಹೊತ್ತಲ್ಲಿ ಕೆಳಗಿನ ಮೆಮೊರಿಯನ್ನ ಇದ್ದ ಹಾಗೇ ಮ್ಯಾಪ್ ಮಾಡಿಕೊಂಡಿದ್ದೆ, ಹಾಗಾಗಿ ಸೊನ್ನೆ ಅನ್ನೋದೂ ಒಂದು ಒಳ್ಳೇ ವಿಳಾಸವೇ ಆಗಿತ್ತು. ಕಂಪ್ಯೂಟರನ್ನ ಮೊದಲು ಎಬ್ಬಿಸೋ ಬಯಾಸ್ ತನ್ನ ಇಂಟರಪ್ಟ್ ಟೇಬಲ್ ಇಟ್ಟುಕೊಂಡಿರೋ ಜಾಗವನ್ನ ನಾನು ಅಚ್ಚುಕಟ್ಟಾಗಿ ಒರೆಸಿ, ಅಲ್ಲಿ ನನ್ನ ಹ್ಯಾಶ್ ಟೇಬಲ್ ಹರಡಿಕೊಂಡು ಸಂಸಾರ ಮಾಡಿದ್ದೆ. ಅಷ್ಟರಲ್ಲಿ ಪ್ರೊಸೆಸರ್ 64 ಬಿಟ್ ಮೋಡಿಗೆ ಬಂದಿದ್ದರಿಂದ ಆ ಹಳೇ ಟೇಬಲ್ ಯಾರಿಗೂ ಬೇಕಾಗಿರಲಿಲ್ಲ. ಎರಡು ವಾರದ ಮೇಲೆ ಯೂಸರ್ ಪ್ರೊಸೆಸ್ ಓಡಿಸೋಣ ಅಂತ ಆ ಮ್ಯಾಪಿಂಗ್ ತೆಗೆದೆ. ಡಾಬಸ್‌ಪೇಟೆ ಹತ್ತಿರ ಸ್ಕ್ರೀನ್ ತುಂಬಾ ಪೇಜ್ ಫಾಲ್ಟ್, ಅಂದರೆ ಮ್ಯಾಪ್ ಆಗದ ವಿಳಾಸ ಮುಟ್ಟಿದೆ ಅನ್ನೋ ದೂರು. ದೋಷ ಹಾಕಿದ್ದು ಮಾತ್ರ ಹೊಸ ಕೋಡ್ ಮೇಲೆ. ಮೂರು ದಿನ ಪೇಜ್ ಟೇಬಲ್ ಕೋಡನ್ನ ಬೈದುಕೊಂಡು ಕೂತಿದ್ದೆ.

ಆಮೇಲೆ ಹೋಗಿ ಲಿನಕ್ಸ್ ಕೋಡನ್ನ ಮತ್ತೆ ಓದಿದೆ. ಆ ಎರಡು ಕರೆಗಳ ಅರ್ಥ ಆಗ ಹೊಳೀತು. ಡೆಂಟ್ರಿ ಮತ್ತೆ ಐನೋಡ್ ಹ್ಯಾಶ್ ಟೇಬಲ್‌ಗಳು ಬಹಳ ದೊಡ್ಡವು, ಮುರಿಯದೆ ಒಂದೇ ತುಂಡಾಗಿ ಬೇಕು. ಅಷ್ಟು ದೊಡ್ಡ ತುಂಡು ಸುಲಭವಾಗಿ ಸಿಗೋದು ಯಾರೂ ಇನ್ನೂ ಮೆಮೊರಿ ಹಂಚಿಕೊಳ್ಳೋಕೆ ಶುರು ಮಾಡದೇ ಇರೋವಾಗ, ಅಂದರೆ ಮೆಮೊರಿ ಹಂಚೋ ಪೇಜ್ ಅಲೊಕೇಟರ್ ಏಳೋಕೂ ಮುಂಚೆ. ಆಗ ಮೆಮ್‌ಬ್ಲಾಕ್ ಅನ್ನೋ ಒರಟು ಅಲೊಕೇಟರ್ ಒಂದೇ ಇರುತ್ತದೆ, ಅದರ ಹತ್ತಿರ ಕೇಳಿ ತೆಗೆದುಕೊಳ್ಳುತ್ತಾರೆ. ನಾನು ಗೊತ್ತಿಲ್ಲದೆ ಬೇಗ ಕರೆದಿದ್ದೆ, ಅವರು ಬೇಕೂಂತಲೇ ಬೇಗ ಕರೆದಿದ್ದಾರೆ, ಆದರೆ ಆ ಹೊತ್ತಿಗೆ ಯಾರು ಎದ್ದಿರುತ್ತಾರೆ ಅನ್ನೋದು ಗೊತ್ತಿದ್ದು ಕರೆದಿದ್ದಾರೆ.

ನಿಮ್ಮ ಮಷೀನಲ್ಲೂ ಇದನ್ನ ನೋಡಬಹುದು. ಡಿಮೆಸೇಜ್ (dmesg) ಕಮಾಂಡ್ ಹೊಡೆದು ಮೊದಲ ಪುಟಗಳಲ್ಲಿ 'ಡೆಂಟ್ರಿ ಕ್ಯಾಶ್ ಹ್ಯಾಶ್ ಟೇಬಲ್ ಎಂಟ್ರೀಸ್' ಅನ್ನೋ ಸಾಲು ಹುಡುಕಿ. 8 ಜಿಬಿ ಇರೋ ನನ್ನ ಲ್ಯಾಪ್‌ಟಾಪಲ್ಲಿ 1048576 ಅಂತ ಇದೆ, 8388608 ಬೈಟು. ಸುಮಾರು ಎಂಟೆಂಟು ಕೆಬಿ ಮೆಮೊರಿಗೆ ಒಂದೊಂದು ಬಕೆಟ್ ಅನ್ನೋ ಲೆಕ್ಕ. ಐನೋಡಿಗೆ ಅದರ ಅರ್ಧ, 524288. ಒಂದು ಫೈಲನ್ನೂ ತೆರೆಯೋಕೆ ಮುಂಚೆ 12 ಎಂಬಿ ಖಾಲಿ ಟೇಬಲ್ಲಿಗೇ ಹೋಯಿತು ಅಂತ ನನ್ನಂಥ ಜಿಪುಣಿಗೆ ಹೊಟ್ಟೆ ಉರಿಯುತ್ತದೆ.

ಎರಡನೇ ಕರೆ ಬರೋ ಹೊತ್ತಿಗೆ ಸಣ್ಣ ತುಂಡು ಮೆಮೊರಿ ಹಂಚೋ ಸ್ಲ್ಯಾಬ್ ಅಲೊಕೇಟರ್ ಎದ್ದು ಕೂತಿರುತ್ತದೆ. ಆಗ ಸಣ್ಣ ಸಣ್ಣ ವಸ್ತುಗಳಿಗೆ ಬೇರೆ ಬೇರೆ ಕ್ಯಾಶ್, ಅಂದರೆ ಕೈಗೆ ಸಿಗೋ ದಾಸ್ತಾನು, ಕಟ್ಟುತ್ತಾರೆ: ಪಾತ್ ಹೆಸರು ಇಟ್ಟುಕೊಳ್ಳೋಕೆ 4096 ಬೈಟಿನ ಡಬ್ಬಿಗಳು, ಡೆಂಟ್ರಿಗೆ, ಐನೋಡಿಗೆ, ಫೈಲಿಗೆ. ಫೈಲ್ ಎಷ್ಟು ತೆರೆಯಬಹುದು ಅನ್ನೋ ಮಿತಿಯ ಲೆಕ್ಕ ನನಗೆ ಇಷ್ಟ. ಒಂದು ಫೈಲು, ಅದರ ಐನೋಡು, ಡೆಂಟ್ರಿ ಎಲ್ಲಾ ಸೇರಿ ಸುಮಾರು 1 ಕೆಬಿ ಅಂತ ಹಿಡಿದು, ಮೆಮೊರಿಯ ಶೇಕಡಾ 10ಕ್ಕಿಂತ ಜಾಸ್ತಿ ಬೇಡ ಅಂತ ಗುಣಿಸಿಬಿಟ್ಟಿದ್ದಾರೆ. ಮನೇಲಿ ಅಕ್ಕಿಗೆ ನೀರು ಹಾಕೋ ಲೆಕ್ಕವೂ ಇಷ್ಟೇ ನಿಖರ.

ಆಮೇಲೆ ಬರುತ್ತದೆ ಎಮ್‌ಎನ್‌ಟಿ_ಇನಿಟ್. ಚಿಕ್ಕಪ್ಪನ ಪ್ರಶ್ನೆಗೆ ಉತ್ತರ ಇರೋದು ಇದರೊಳಗೆ.

ಯಾವುದೇ ಫೈಲ್ ಸಿಸ್ಟಮ್ ಮೌಂಟ್ ಮಾಡಬೇಕು ಅಂದರೆ ಒಂದು ಡೈರೆಕ್ಟರಿ ಬೇಕು, ಅದರ ಮೇಲೆ ತಾನೇ ಕೂರಿಸೋದು. ಡೈರೆಕ್ಟರಿ ಇರಬೇಕು ಅಂದರೆ ಅದು ಯಾವುದಾದರೂ ಫೈಲ್ ಸಿಸ್ಟಮ್ಮಿನಲ್ಲಿರಬೇಕು. ಮೊದಲನೇದನ್ನ ಎಲ್ಲಿ ಕೂರಿಸೋದು? ಲಿನಕ್ಸ್ ಇದಕ್ಕೆ ಡಿಸ್ಕಿನ ಗೊಡವೆಗೇ ಹೋಗಲ್ಲ. ಮೆಮೊರಿಯಲ್ಲೇ ಬದುಕೋ ರೂಟ್‌ಎಫ್‌ಎಸ್ ಅಂತ ಒಂದನ್ನ ತಾನೇ ಹುಟ್ಟಿಸಿಕೊಳ್ಳುತ್ತದೆ, ಯಾವುದರ ಮೇಲೂ ಕೂರಿಸದೆ. ಅದರಿಂದ ಮೊದಲ ಮೌಂಟ್ ನೇಮ್‌ಸ್ಪೇಸ್, ಅಂದರೆ ಮೌಂಟ್‌ಗಳ ಪಟ್ಟಿ, ಮಾಡಿ, ಆಗ ಓಡುತ್ತಿರೋ ಒಬ್ಬನೇ ಒಬ್ಬ ಪ್ರೊಸೆಸ್ಸಿಗೆ "ನಿನ್ನ ರೂಟೂ ಇದೇ, ನೀನು ನಿಂತಿರೋ ಜಾಗವೂ ಇದೇ" ಅಂತ ಹೇಳುತ್ತದೆ. ಇದು ಆಗಲಿಲ್ಲ ಅಂದರೆ ಮುಂದಕ್ಕೆ ಮಾತೇ ಇಲ್ಲ, ಅಲ್ಲೇ ಪ್ಯಾನಿಕ್.

ಈ ರೂಟ್‌ಎಫ್‌ಎಸ್ ಅನ್‌ಮೌಂಟ್ ಮಾಡೋಕೆ ಬರಲ್ಲ. ಮೌಂಟ್‌ಗಳ ಪಟ್ಟಿ ಖಾಲಿ ಆದರೆ ಏನು ಮಾಡೋದು ಅಂತ ಕೋಡ್ ತುಂಬಾ ಪರೀಕ್ಷೆ ಬರೆಯೋದಕ್ಕಿಂತ, ಆ ಪಟ್ಟಿ ಖಾಲಿ ಆಗದ ಹಾಗೆ ನೋಡಿಕೊಳ್ಳೋದು ಸುಲಭ, ಅಷ್ಟೇ. ನೀವು ಬೇರೆ ಇನಿಟ್‌ರಾಮ್‌ಎಫ್‌ಎಸ್ ಕೊಡದಿದ್ದರೆ ಅದರೊಳಗೆ ಇರೋದು ಮೂರೇ ಮೂರು: ಡೆವ್ ಅನ್ನೋ ಡೈರೆಕ್ಟರಿ, ಅದರೊಳಗೆ ಕನ್ಸೋಲ್ ಡಿವೈಸ್, ಆಮೇಲೆ ರೂಟ್ ಅನ್ನೋ ಒಂದು ಖಾಲಿ ಡೈರೆಕ್ಟರಿ. ನಿಜವಾದ ಡಿಸ್ಕನ್ನ ಆ ಖಾಲಿ ಡೈರೆಕ್ಟರಿ ಮೇಲೆ ಮೌಂಟ್ ಮಾಡಿ, ಆಮೇಲೆ ಅದನ್ನ ಎತ್ತಿ ಮೇಲಿನ ಸ್ಲ್ಯಾಶ್ ಮೇಲೆ ಕೂರಿಸಿಬಿಡುತ್ತಾರೆ. ಕೆಳಗಡೆ ರೂಟ್‌ಎಫ್‌ಎಸ್ ಇನ್ನೂ ಇರುತ್ತದೆ. ಯಾರಿಗೂ ಕಾಣಲ್ಲ.

ಚಿಕ್ಕಪ್ಪನ ಕಂಪ್ಯೂಟರಲ್ಲಿ ಆಗಿದ್ದು ಇಷ್ಟರ ಕೊನೆಯ ಹೆಜ್ಜೆಯಲ್ಲಿ. ಇನಿಟ್‌ರಾಮ್‌ಎಫ್‌ಎಸ್ ಅನ್ನ ಡಿಸ್ಕಿಂದ ಎತ್ತಿಕೊಂಡು ಬರೋದು ಕರ್ನಲ್ ಅಲ್ಲ, ಗ್ರಬ್. ಅದರ ಹತ್ತಿರ ಡಿಸ್ಕ್ ಓದೋ ತನ್ನದೇ ಕೋಡ್ ಇದೆ. ಅದು ಮೆಮೊರಿಯಲ್ಲಿ ತಂದಿಟ್ಟಿದ್ದನ್ನ ಕರ್ನಲ್ ಬಿಚ್ಚಿ ರೂಟ್‌ಎಫ್‌ಎಸ್ ಒಳಗೆ ಸುರಿದುಕೊಳ್ಳುತ್ತದೆ. ಮದುವೆ ಮಾಡಿಸೋಕೆ ಆಚೆಯಿಂದ ದಲ್ಲಾಳಿ ಬಂದ ಹಾಗೆ, ಗಂಟು ಬಿಡೋದು ಅಲ್ಲಿ. ಆ ಫೈಲೇ ಇಲ್ಲದಿದ್ದರೆ ಕರ್ನಲ್ ಕೈಯಲ್ಲಿ ಉಳಿಯೋದು "ರೂಟ್ ಡಿಸ್ಕಿನ ಯುಯುಐಡಿ (ಗುರುತಿನ ಸಂಖ್ಯೆ) ಇಂಥದ್ದು" ಅನ್ನೋ ಚೀಟಿ ಒಂದೇ. ಫೈಲ್ ಸಿಸ್ಟಮ್ಮಿನ ಯುಯುಐಡಿ ಓದೋಕೆ ಕರ್ನಲ್ಲಿಗೆ ಬರಲ್ಲ! ಪಾರ್ಟಿಶನ್ನಿನ ಯುಯುಐಡಿ ಕೊಟ್ಟರೆ ಗೊತ್ತಾಗುತ್ತದೆ, ಡಿವೈಸ್ ಹೆಸರು ಕೊಟ್ಟರೆ ಗೊತ್ತಾಗುತ್ತದೆ, ಇದು ಮಾತ್ರ ಇನಿಟ್‌ರಾಮ್‌ಎಫ್‌ಎಸ್ ಒಳಗಿನ ಪ್ರೋಗ್ರಾಮುಗಳ ಕೆಲಸ. ಹಾಗಾಗಿ ಡಿವೈಸ್ ನಂಬರ್ ಸೊನ್ನೆ, ಸೊನ್ನೆ. ಡಿಸ್ಕ್ ಕೆಟ್ಟಿದೆ ಅಂತ ಹೊಸದು ಕೊಳ್ಳೋಕೆ ಹೊರಟವರು ಮೊದಲು ಬೂಟ್ ವಿಭಾಗ ತುಂಬಿದೆಯಾ ಅಂತ ನೋಡಿ.

ನನ್ನ ಕರ್ನಲ್ಲಿಗೆ ಇಷ್ಟೆಲ್ಲಾ ಇಲ್ಲ. ಮೆಮೊರಿಯಲ್ಲೊಂದು ರೂಟು, ಅದರ ಮೇಲೊಂದು ಪುಟ್ಟ ಟಾರ್ ಫೈಲು, ಅಂದರೆ ಹಲವು ಫೈಲುಗಳನ್ನ ಒಟ್ಟಿಗೆ ಕಟ್ಟಿದ ಗಂಟು. ಆದರೂ ಇನ್ನೊಂದು ತಪ್ಪು ಮಾಡಿದೆ. ನನ್ನ ಡೆಂಟ್ರಿಯಲ್ಲಿ ಮೊದಲ ಎಂಟು ಬೈಟು ಹೆಸರಿನ ಪಾಯಿಂಟರ್ (ಹೆಸರು ಇರೋ ವಿಳಾಸ), ಆಮೇಲೆ ಹೆಸರಿನ ಉದ್ದ, ಆಮೇಲೆ ಪೇರೆಂಟ್ (ಮೇಲಿನ ಡೈರೆಕ್ಟರಿ, ಅಂದರೆ ಅಪ್ಪ), ಆಮೇಲೆ 24ನೇ ಬೈಟಿಂದ ಐನೋಡ್. ರೂಟ್ ಡೆಂಟ್ರಿ ಮಾಡಿದಾಗ ಪೇರೆಂಟಿಗೆ ನಲ್, ಅಂದರೆ ಸೊನ್ನೆ ವಿಳಾಸ, ಹಾಕಿದ್ದೆ. ರೂಟಿಗೆ ಅಪ್ಪ ಎಲ್ಲಿಂದ ಬರಬೇಕು, ಸರಿಯಾಗೇ ಇದೆ ಅಲ್ವಾ? ಕಮಾಂಡ್ ಹೊಡೆಯೋಕೆ ಶೆಲ್ ಬರೆದು, ರೂಟಲ್ಲಿ ನಿಂತು, ಮೇಲಿನ ಡೈರೆಕ್ಟರಿಗೆ ಹೋಗು ಅನ್ನೋ ಸಿಡಿ ಚುಕ್ಕೆ ಚುಕ್ಕೆ (cd ..) ಹೊಡೆದೆ. ಪೇಜ್ ಫಾಲ್ಟ್, ವಿಳಾಸ 24. ಇಪ್ಪತ್ತನಾಲ್ಕು ನೋಡಿದ ತಕ್ಷಣ ಗೊತ್ತಾಯಿತು: ಅಪ್ಪನನ್ನ ಕೇಳಿ, ನಲ್ ತೆಗೆದುಕೊಂಡು, ಆ ನಲ್ಲಿನ ಐನೋಡ್ ಓದೋಕೆ ಹೋಗಿದ್ದೇನೆ. ಈ ಸಲ ಮೂರು ದಿನ ಆಗಲಿಲ್ಲ, ನಿಡವಂದದಿಂದ ದೊಡ್ಡಬೆಲೆ ಬರೋದರೊಳಗೆ ಸಿಕ್ಕಿತು.

ಎಲ್ಲಾ ಕಡೆ "ನಲ್ಲಾ?" ಅಂತ ಪರೀಕ್ಷೆ ಹಾಕೋಣ ಅಂತ ಹೊರಟೆ. ಮೂರು ಕಡೆ ಹಾಕಿದ ಮೇಲೆ ಅಸಹ್ಯ ಅನಿಸಿ ಲಿನಕ್ಸ್ ಏನು ಮಾಡುತ್ತದೆ ಅಂತ ನೋಡಿದೆ. ಅಲ್ಲಿ ರೂಟ್ ಡೆಂಟ್ರಿಯ ಪೇರೆಂಟ್ ಅದೇ ಡೆಂಟ್ರಿ. ತನಗೆ ತಾನೇ ಅಪ್ಪ. ಇದು ರೂಟಾ ಅಂತ ತಿಳಿಯೋಕೆ "ನಿನ್ನ ಅಪ್ಪ ನೀನೇನಾ?" ಅಂತ ಕೇಳುತ್ತಾರೆ. ಮೌಂಟಿಗೂ ಹಾಗೇ, ಎಲ್ಲಕ್ಕಿಂತ ಕೆಳಗಿನ ಮೌಂಟಿನ ಪೇರೆಂಟ್ ಅದೇ ಮೌಂಟ್. ನನ್ನ ಮೂರೂ ಪರೀಕ್ಷೆ ಅಳಿಸಿ ಒಂದು ಸಾಲು ಬದಲಾಯಿಸಿದೆ. ರೂಟಲ್ಲಿ ಎಷ್ಟು ಸಲ ಮೇಲೆ ಹೋಗು ಅಂದರೂ ಅಲ್ಲೇ ನಿಲ್ಲುತ್ತದೆ.

ಇದನ್ನ ಹೋದ ಭಾನುವಾರ ಚಿಕ್ಕಪ್ಪನಿಗೆ ಹೇಳಿದೆ. ಡಿಸ್ಕ್ ಓದೋಕೆ ಮುಂಚೆ ಒಂದು ಖಾಲಿ ರೂಟ್ ಇರುತ್ತೆ, ಅದನ್ನ ಯಾರೂ ತಂದು ಕೂರಿಸಿಲ್ಲ, ಅದರ ಅಪ್ಪ ಅದೇ ಅಂತ. ಲ್ಯಾಮಿನೇಶನ್ ಮಷೀನಿಂದ ಯಾರದೋ ಮಾರ್ಕ್ಸ್ ಕಾರ್ಡ್ ಈಚೆ ಬರೋವರೆಗೂ ಏನೂ ಮಾತಾಡಲಿಲ್ಲ. ಆಮೇಲೆ "ಉದ್ಭವ ಮೂರ್ತಿ ಅನ್ನು, ಅರ್ಥ ಆಗುತ್ತೆ" ಅಂದರು.

ನನ್ನ ಕೋಡಲ್ಲಿ ಆ ಫಂಕ್ಷನ್ನಿನ ಹೆಸರು ಮೇಕ್_ರೂಟ್ ಅಂತಿತ್ತು. ಸೋಮವಾರ ರೈಲಲ್ಲಿ ಅದನ್ನ ಉದ್ಭವ ಅಂತ ಬದಲಾಯಿಸಿದೆ. ಕಂಪೈಲ್ ಆಯಿತು. ಮೌಂಟ್ ಆಗಿರೋ ಟಾರ್ ಫೈಲಿನ ಒಳಗೆ ನಿಂತು ಚುಕ್ಕೆ ಚುಕ್ಕೆ ಹೊಡೆದರೆ ಮಾತ್ರ ಹೊರಗೆ ಬರದೆ ಅಲ್ಲೇ ಸುತ್ತುತ್ತಿದೆ, ಯಾಕಂದರೆ ಆ ಟಾರಿನ ರೂಟೂ ತನಗೆ ತಾನೇ ಅಪ್ಪ, ಅಲ್ಲಿ ಮೌಂಟ್ ಪಾಯಿಂಟಿಗೆ ಹಾರಬೇಕು ಅನ್ನೋದನ್ನ ನಾನಿನ್ನೂ ಬರೆದಿಲ್ಲ. ಅದು ಬುಧವಾರದ ರೈಲಿಗೆ.